ಮುಸುಕುಧಾರಿಯ ಬೆನ್ನು ಹತ್ತಿದ ವರದಿಗಾರ್ತಿ: ದುರ್ಗವೋ, ದಾವಣಗೆರೆಯೋ?

ನಿಮ್ಮ ಮೊದಲ ಕಾಮಿಕ್ಸ್‌ಗೆ ಈ ಕಥೆಯಾ? ಹಾಗಾದರೆ ಮೊದಲು ಊರು ಆರಿಸಿಕೊಳ್ಳಿ.

ಚಿತ್ರದುರ್ಗದ ಏಳು ಸುತ್ತಿನ ಕೋಟೆ ಭರ್ಜರಿ. ಬಂಡೆ, ಬುರುಜು ಪುಟ ತುಂಬುತ್ತವೆ. ಆದರೆ ಓಬವ್ವನ ಕಿಂಡಿ ಬಂತೋ, ಓದುಗರ ಮನಸ್ಸು 18ನೇ ಶತಮಾನಕ್ಕೆ ಹೋಗುತ್ತದೆ. ನಿಮ್ಮ ನಾಯಕಿ ಹಿಂದೆ ಸರಿಯುತ್ತಾಳೆ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆ ಬನ್ನಿ. ಇಕ್ಕಟ್ಟು ಗಲ್ಲಿ, ಒಲೆಯ ಬೆಂಕಿ, ಬಿಸಿ ಮರಳಲ್ಲಿ ಅರಳುವ ಅಕ್ಕಿ. ಹೊಗೆಯೊಳಗೆ ಮುಖವಾಡ ಅರ್ಧ ಕಂಡರೆ ಸಾಕು. ಕಪ್ಪು ಬಿಳುಪಿನಲ್ಲೇ ಚೆನ್ನಾಗಿ ಬರುತ್ತದೆ, ಮುದ್ರಣದ ಖರ್ಚೂ ಕಡಿಮೆ. ಜೊತೆಗೆ ವರದಿಗಾರ್ತಿ ಮಾತಾಡಿಸೋಕೆ ಜನ ಸಿಗುತ್ತಾರೆ: ಭಟ್ಟಿ ಕೆಲಸದವರು, ಆಟೊದವರು, ಮಿರ್ಚಿ ಕರಿಯುವವರು. ಸುದ್ದಿಯ ಎಳೆ ಸಿಗೋದು ಇವರ ಬಾಯಲ್ಲೇ ಅಲ್ವಾ?

ನಾನಂತೂ ದಾವಣಗೆರೆಯನ್ನೇ ಆರಿಸುತ್ತೇನೆ. ಕೋಟೆಯನ್ನು ಎರಡನೇ ಸಂಚಿಕೆಗೆ ಇಟ್ಟುಕೊಳ್ಳಿ.