ಬಿಲ್ಲೆ ಪಟ್ಟಿಯೋ, ಉಂಗುರ ಪಟ್ಟಿಯೋ? ರೋಮನ್ ಸೈನಿಕನ ಸೊಂಟಪಟ್ಟಿ ತಯಾರಿಸುವವರಿಗೆ

ರೋಮನ್ ಸೊಂಟಪಟ್ಟಿಯ ಪ್ರತಿಕೃತಿ ತಯಾರಿಸಲು ಹೊರಟವರು ಮೊದಲು ಕೈಹಾಕುವುದು ಕ್ರಿ.ಶ. 1ನೇ ಶತಮಾನದ, ತೊಗಲಿನ ಮೇಲೆ ಲೋಹದ ಬಿಲ್ಲೆಗಳನ್ನು ಸಾಲಾಗಿ ಬಡಿದ ಬಿಲ್ಲೆ ಪಟ್ಟಿಗೆ. ನಮ್ಮ ಡಾಬಿನಂತೆ ಸೊಂಟದ ಸುತ್ತ ಲೋಹ ಮಿನುಗುವಾಗ ಮನಸ್ಸು ಅತ್ತಲೇ ಹೋಗುವುದು ಸಹಜ. 3ನೇ ಶತಮಾನದ, ಮುಂದೆ ಉಂಗುರದಿಂದ ಬಿಗಿಯುವ ಉಂಗುರ ಪಟ್ಟಿಯನ್ನು ಕೇಳುವವರು ಕಡಿಮೆ. ಎರಡನ್ನೂ ತಯಾರಿಸಿ, ಪುಟ್ಟ ಕಬ್ಬಿಣದ ಬಳೆಗಳನ್ನು ಹೆಣೆದ ಕವಚದ ಮೇಲೆ ದಿನವಿಡೀ ಬಿಗಿದು ನೋಡಿದರೆ ಈ ಆಯ್ಕೆ ತಲೆಕೆಳಗಾಗುತ್ತದೆ.

ತೊಗಲು ಎರಡಕ್ಕೂ ಒಂದೇ: ಮರದ ತೊಗಟೆಯಲ್ಲಿ ಹದಮಾಡಿದ್ದು, 2.5ರಿಂದ 3 ಮಿ.ಮೀ. ದಪ್ಪ. ತಂಗಡಿ ತೊಗಟೆಯ ಹದ ನಮ್ಮ ಕಡೆ ಹಳೆಯದೇ. ಕ್ರೋಮಿಯಂ ಉಪ್ಪಿನಲ್ಲಿ ಹದಮಾಡಿದ ಕ್ರೋಮ್ ತೊಗಲು ಬೇಡ. ಕವಚದ ಭಾರದಲ್ಲಿ ಒಂದಿಷ್ಟನ್ನು ಪಟ್ಟಿ ಹೊರಬೇಕು, ಆ ತೊಗಲು ಜಗ್ಗುತ್ತದೆ. ಬಿಲ್ಲೆಗಳ ನಡುವೆ ಸಂದು ಬೀಳುತ್ತದೆ.

ಬಿಲ್ಲೆ ಪಟ್ಟಿಯ ಅಗಲ 4 ಸೆಂ.ಮೀ. ಇರಲಿ. ಬಿಲ್ಲೆಯ ಅಗಲ ಪಟ್ಟಿಗಿಂತ 1 ಮಿ.ಮೀ. ಹೆಚ್ಚಿರಲಿ, ಇಲ್ಲದಿದ್ದರೆ ತೊಗಲಿನ ಅಂಚು ಇಣುಕುತ್ತದೆ. ಉದ್ದ 4.5 ಸೆಂ.ಮೀ. ದಾಟಿದರೆ ಸೊಂಟದ ಬದಿಯಲ್ಲಿ ಬಾಗದೆ ಚುಚ್ಚುತ್ತದೆ. ನಡುವೆ 4 ಮಿ.ಮೀ. ಬಿಟ್ಟು ಹೊಂದಿಸಿದರೆ 90 ಸೆಂ.ಮೀ. ಸೊಂಟಕ್ಕೆ, ಬಕ್ಕಲ್ ಮತ್ತು ಪ್ಯೂಜಿಯೋ ಕಠಾರಿ ತೂಗುಹಾಕುವ ಜಾಗ ಕಳೆದು, 16 ಬಿಲ್ಲೆ. ಮೂಲೆಗೊಂದರಂತೆ 64 ರಿವೆಟ್. ಇಲ್ಲಿಯೇ ತಾಳ್ಮೆ ಕೆಡುವುದು.

ರೋಮನ್ನರ ಹಿತ್ತಾಳೆಯಲ್ಲಿ ಸತು ಸಾಮಾನ್ಯವಾಗಿ ಶೇ. 20ರ ಆಸುಪಾಸು. ಇಂದು ಅಂಗಡಿಯಲ್ಲಿ ಸಿಗುವ ತಗಡಿನಲ್ಲಿ ಅದು ಶೇ. 37ರವರೆಗೂ ಇರುವುದರಿಂದ ಬಣ್ಣ ಹೆಚ್ಚು ಹಳದಿ. ಶೇ. 15 ಸತುವಿನದು ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ. ಸಾದಾ ಬಿಲ್ಲೆಗೆ 0.6 ಮಿ.ಮೀ. ತಗಡು ಸಾಕು. ರೋಮ್ ಕಟ್ಟಿದರೆಂಬ ಐತಿಹ್ಯದ ಅವಳಿಗಳಾದ ರೋಮ್ಯುಲಸ್-ರೀಮಸ್‌ಗೆ ಹಾಲೂಡುವ ತೋಳದಂಥ ಉಬ್ಬುಚಿತ್ರ ಬೇಕಿದ್ದರೆ 0.4 ಮಿ.ಮೀ. ತಗಡನ್ನು ಅಚ್ಚಿನ ಮೇಲೆ ಒತ್ತಬೇಕು. ನಡುನಡುವೆ ಮಂದ ಕೆಂಪಾಗುವವರೆಗೆ ಕಾಯಿಸಿ ಆರಿಸದಿದ್ದರೆ ತೋಳದ ಕಾಲಿನಂಥ ಆಳದ ಜಾಗದಲ್ಲಿ ಬಿರುಕು ಖಚಿತ.

ಬೆಳ್ಳಿಯ ಹೊಳಪು ಬೇಕೆಂದು ಕ್ರೋಮ್ ಲೇಪ ಕೊಡಿಸುವುದು ಶುದ್ಧ ತಪ್ಪು. ಆ ಕಾಲದ ಬಿಲ್ಲೆಗಳಿಗೆ ಇದ್ದದ್ದು ತವರ ಅಥವಾ ಬೆಳ್ಳಿಯ ಲೇಪ. ತವರವೆಂದರೆ ನಮ್ಮ ಕಲಾಯಿಯೇ. ಬಿಲ್ಲೆ ಬಿಸಿಮಾಡಿ ನವಸಾಗರ ಉದುರಿಸಿ, ತವರ ಸವರಿ, ಹತ್ತಿಯಿಂದ ಒರೆಸಿದರಾಯಿತು. ತವರ 232 ಡಿಗ್ರಿಗೇ ಕರಗುತ್ತದೆ. ಪಾತ್ರೆಗೆ ಕೊಡುವಷ್ಟು ಶಾಖವನ್ನು ತೆಳು ತಗಡಿಗೆ ಕೊಟ್ಟರೆ ತವರ ಹಿತ್ತಾಳೆಯೊಳಗೆ ಇಳಿದು ಮೈ ಬೂದುಬಣ್ಣಕ್ಕೆ ತಿರುಗಿ ಒರಟಾಗುತ್ತದೆ. ಬಿಲ್ಲೆಯನ್ನು ದಪ್ಪ ಕಬ್ಬಿಣದ ಹಲಗೆಯ ಮೇಲಿಟ್ಟು ಕಾಯಿಸಿ. ಕಲಾಯಿ ಮೊದಲು, ರಿವೆಟ್ ಆಮೇಲೆ. ರಿವೆಟ್‌ಗೆ 2 ಮಿ.ಮೀ. ಹಿತ್ತಾಳೆ ತಂತಿ, ವಾಷರ್‌ನಿಂದಾಚೆ 1.5 ಮಿ.ಮೀ.ಗಿಂತ ಹೆಚ್ಚು ಉಳಿದರೆ ಬಡಿಯುವಾಗ ಬಾಗುತ್ತದೆ.

ತೊಗಲಿಗೆ ಎಣ್ಣೆ ಅತಿಯಾದರೆ ರಿವೆಟ್ ಸುತ್ತ ಹಸಿರು ಕಿಲುಬು ಕೂರುತ್ತದೆ. ಜೇನುಮೇಣ ತೆಳ್ಳಗೆ ಹಚ್ಚಿ, ಅಷ್ಟೇ.

ಉಂಗುರ ಪಟ್ಟಿಯಲ್ಲಿ ಕೆಲಸವೇ ಬೇರೆ. ಲೋಹ ಕಡಿಮೆ, ತೊಗಲು ಹೆಚ್ಚು. ಒಳವ್ಯಾಸ 5 ಸೆಂ.ಮೀ. ಇರುವ ಉಂಗುರ ಹೊಟ್ಟೆಯ ಮೇಲೆ. ಪಟ್ಟಿಯ ಎರಡು ತುದಿಗಳೂ ಹಿಂದಿನಿಂದ ಉಂಗುರದೊಳಗೆ ತೂರಿ ಮುಂದಕ್ಕೆ ಬಂದು, ತಂತಮ್ಮ ಬದಿಗೇ ಮಡಚಿಕೊಂಡು ಅಣಬೆ ತಲೆಯ ಗುಂಡಿಗೆ ಸಿಕ್ಕಿಕೊಳ್ಳುತ್ತವೆ. ಬಲಬದಿಯ ತುದಿ ಉದ್ದ. ಪಕ್ಕೆಯಲ್ಲಿ ಪಟ್ಟಿಯೊಳಗೆ ಸಿಕ್ಕಿಸಿ ತೊಡೆಯ ಬಳಿ ಜೋತುಬಿಡಬೇಕು. 100 ಸೆಂ.ಮೀ. ಸುತ್ತಳತೆಗೆ ಒಟ್ಟು 185 ಸೆಂ.ಮೀ. ತೊಗಲು ಬೇಕು. ಅಷ್ಟುದ್ದ ಸಿಗದಿದ್ದರೆ ಎರಡು ತುಂಡುಗಳ ತುದಿಯನ್ನು ತೆಳ್ಳಗೆ ಕೆತ್ತಿ, ಬೆನ್ನಿನ ಬಳಿ 6 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಹೊಲಿಯಿರಿ.

ಇಲ್ಲಿ ಕೆಡುವುದು ಎರಡೇ. ಮಡಚುವ ತುದಿಯನ್ನು 1.5 ಮಿ.ಮೀ. ದಪ್ಪಕ್ಕೆ ಕೆತ್ತದಿದ್ದರೆ ಉಂಗುರ ಓರೆಯಾಗಿ ನಿಲ್ಲುತ್ತದೆ. ಗುಂಡಿಯ ಸೀಳು ಬಿಡುವಾಗ ಕೊನೆಯಲ್ಲಿ ಪುಟ್ಟ ರಂಧ್ರ ಕೊರೆಯದಿದ್ದರೆ ಸೀಳು ದಿನದಿನಕ್ಕೂ ಹರಿಯುತ್ತಾ ಹೋಗುತ್ತದೆ.

ಧರಿಸಲು ಉಂಗುರ ಪಟ್ಟಿಯೇ ಮೇಲು. ಗುಂಡಿ ಬದಲಿಸಿದರೆ ಬಿಗಿ ಬದಲಾಗುತ್ತದೆ, ಕೂತಾಗ ಏನೂ ಚುಚ್ಚುವುದಿಲ್ಲ. ಆ ಕಾಲಕ್ಕೆ ಕತ್ತಿ ಎಡಗಡೆ, ಹೆಗಲಿನಿಂದಿಳಿದ ಅಗಲ ಪಟ್ಟಿಯಲ್ಲಿ ತೂಗುತ್ತಿತ್ತು. ಸೊಂಟಕ್ಕೆ ಅದರ ಎಳೆತವಿಲ್ಲ. ಬಿಲ್ಲೆ ಪಟ್ಟಿಗೆ ಕಠಾರಿಯ ಭಾರವೂ ಇದೆ, ಮುಂದೆ ಇಳಿಬಿಟ್ಟ ಲೋಹದ ಗುಬಟು ಬಡಿದ ಬಾರುಗಳ ಜಾಲರಿಯೂ ಇದೆ. ಆ ಜಾಲರಿ ರಕ್ಷಣೆಗೆಂದು ಹೇಳುವವರು ಅದನ್ನು ಕಟ್ಟಿಕೊಂಡು ಒಮ್ಮೆ ಓಡಿ ನೋಡಲಿ. ಜರ್ಮನಿಯ ಮೈಂಜ್‌ನ ರೋಮನ್ ಸೈನಿಕ ಫ್ಲಾವೊಲೇಯಸ್ ಕಾರ್ಡಸ್‌ನ ಸಮಾಧಿ ಕಲ್ಲಿನಲ್ಲಿರುವಂತೆ 1ನೇ ಶತಮಾನದ ಸೈನಿಕನನ್ನೇ ತೋರಿಸಬೇಕಿದ್ದರೆ ಮಾತ್ರ ಆ ಜಾಲರಿ ಬೇಕು. ಉಂಗುರ ಪಟ್ಟಿಗೆ ಅದನ್ನು ಎಂದೂ ಜೋಡಿಸಬೇಡಿ.