ಮೂರೇ ದಿನಕ್ಕೆ ಮುಖ ಬೆಳ್ಳಗಾಯಿತಾ? ಆ ಡಬ್ಬಿ ಅಲ್ಲಿಗೇ ಮುಚ್ಚಿಡಿ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಪದಾರ್ಥಗಳ ಪಟ್ಟಿ ಇಲ್ಲದ, ಬ್ಯಾಚ್ ನಂಬರ್ ಇಲ್ಲದ, ತಯಾರಿಸಿದವರ ವಿಳಾಸ ಇಲ್ಲದ ಕ್ರೀಮನ್ನು ಮುಖಕ್ಕೆ ಹಚ್ಚಬೇಡಿ. ಯಾರೇ ಕೊಡಲಿ, ಬೇಡ. ಅದು ಚೆನ್ನಾಗಿ ಕೆಲಸ ಮಾಡುತ್ತಿದ್ದರೆ, ಅದರಲ್ಲೂ ಬೇಗ ಕೆಲಸ ಮಾಡುತ್ತಿದ್ದರೆ, ಬೇಡವೇ ಬೇಡ.

50 ಗ್ರಾಂನ ಬಿಳಿ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳದ ಮೇಲೆ ಒಂದು ಹಸಿರು ಎಲೆಯ ಸ್ಟಿಕರ್, ಅದರ ಕೆಳಗೆ ‘ಶುದ್ಧ ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ’. ಡಬ್ಬಿಯನ್ನು ಯಾವ ಕಡೆ ತಿರುಗಿಸಿದರೂ ಇನ್ನೊಂದಕ್ಷರ ಇಲ್ಲ. ಮೆಸೇಜ್ ಮಾಡಿ ತರಿಸಿಕೊಳ್ಳುವ ಮಾಲು, ವ್ಯವಹಾರ ಹೇಗಿರುತ್ತದೆ ಅಂತ ನಿಮಗೂ ಗೊತ್ತು. ಒಳಗೆ ಏನೇನಿದೆ ಎಂದು ಕೇಳಿದ್ದಕ್ಕೆ ಮಾರುವವರಿಂದ ಬಂದ ಉತ್ತರ: “ಅಕ್ಕಾ, ಅದು ನಮ್ಮ ಮನೆತನದ ಗುಟ್ಟು, ಹೇಳೋ ಹಾಗಿಲ್ಲ. ಡೌಟ್ ಇದ್ರೆ ಪ್ಯಾಚ್ ಟೆಸ್ಟ್ ಮಾಡ್ಕೊಂಡು ನೋಡಿ.”

ನಾನು ಬಿದ್ದದ್ದು ಈ ಮಾತಿಗೆ. ಪ್ಯಾಚ್ ಟೆಸ್ಟ್ ಮಾಡಿ ಅಂತ ತಾವಾಗಿಯೇ ಹೇಳುವವರು ಮೋಸ ಮಾಡುತ್ತಾರಾ ಅನ್ನಿಸಿತು. ಟೆಸ್ಟನ್ನೂ ಕ್ರಮವಾಗಿಯೇ ಮಾಡಿದ್ದಾಯಿತು: ಮೊಣಕೈ ಒಳಮಡಿಕೆಯ ಹತ್ತಿರ ನಾಣ್ಯದಗಲ ಜಾಗ, ದಿನಕ್ಕೆ ಎರಡು ಸಲ, ಏಳು ದಿನ, ಹಚ್ಚಿದ ಮೇಲೆ ತೊಳೆಯದೆ. ಕೆಂಪಾಗಲಿಲ್ಲ, ತುರಿಸಲಿಲ್ಲ. ಪಾಸ್!

ಪಾಸಾಗದೆ ಏನು ಮಾಡೀತು? ಮುಂದೆ ಕಂಡ ಲಕ್ಷಣ ನೋಡಿದರೆ ಒಳಗಿದ್ದದ್ದು ಸ್ಟೀರಾಯ್ಡ್. ಅಲರ್ಜಿಯ ಕೆಂಪು, ತುರಿಕೆ, ಊತವನ್ನು ಅಡಗಿಸಲಿಕ್ಕೆಂದೇ ಚರ್ಮದ ಡಾಕ್ಟರು ಬರೆಯುವ ಔಷಧ ಅದು. ಅದನ್ನೇ ಹಚ್ಚಿ ಅಲರ್ಜಿ ಬರುತ್ತದೋ ಇಲ್ಲವೋ ಎಂದು ಕಾಯುವುದು ಕಳ್ಳನ ಕೈಗೇ ಬೀಗದ ಕೈ ಕೊಟ್ಟು ಮನೆ ಭದ್ರವಾಗಿದೆ ಅಂದುಕೊಂಡ ಹಾಗೆ. ಕ್ರೀಮಿನಲ್ಲಿರುವ ಸುಗಂಧಕ್ಕೋ ಪ್ರಿಸರ್ವೇಟಿವ್‌ಗೋ ಅಲರ್ಜಿ ಇದ್ದರೂ ಸ್ಟೀರಾಯ್ಡ್ ಅದನ್ನು ಮೇಲೇಳಲು ಬಿಡುವುದಿಲ್ಲ. ಪ್ಯಾಚ್ ಟೆಸ್ಟ್‌ಗೆ ಅರ್ಥ ಇರುವುದು ಪದಾರ್ಥಗಳ ಪಟ್ಟಿ ಕೈಯಲ್ಲಿದ್ದಾಗ ಮಾತ್ರ. ಇದು ಗೊತ್ತಿದ್ದೂ ಬಿದ್ದೆನಲ್ಲ, ಅದಕ್ಕೇ ಹೆಚ್ಚು ಉರಿಯುತ್ತಿರುವುದು.

ಮೂರನೇ ದಿನಕ್ಕೆ ಮುಖ ತಿಳಿಯಾಯಿತು. ಮೊಡವೆಯ ಕೆಂಪು ಇಳಿದಿತ್ತು, ಕೆನ್ನೆ ನುಣುಪಾಗಿತ್ತು. ಎಲ್ಲರೂ ಮರುಳಾಗುವುದು ಇಲ್ಲೇ. ಮೂರು ದಿನದಲ್ಲಿ ಯಾವ ಬೇರು, ಯಾವ ಎಲೆಯೂ ಇಷ್ಟು ಮಾಡಲಾರದು. ಚರ್ಮದ ಕೆಳಪದರದಲ್ಲಿ ಹುಟ್ಟಿದ ಜೀವಕೋಶ ಮೇಲೆ ಬಂದು ಉದುರಲು ಸುಮಾರು ನಾಲ್ಕು ವಾರ ಬೇಕು, ವಯಸ್ಸಾದಂತೆ ಇನ್ನೂ ಹೆಚ್ಚು. ನಿಯಾಸಿನಮೈಡ್, ಅಜೆಲಾಯಿಕ್ ಆಸಿಡ್‌ನಂಥ ನಿಜವಾದ ಪದಾರ್ಥಗಳೂ ಕಲೆ ತಿಳಿಯಾಗಿಸಲು 8ರಿಂದ 12 ವಾರ ಕೇಳುತ್ತವೆ. ಸ್ಟೀರಾಯ್ಡ್ ಮಾತ್ರ ಗಂಟೆಗಳಲ್ಲೇ ಕೆಲಸ ಶುರು ಮಾಡುತ್ತದೆ, ಯಾಕೆಂದರೆ ಅದು ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ರಕ್ತ ಕಡಿಮೆ ಹರಿದ ಚರ್ಮ ಬಿಳಿಚುತ್ತದೆ. ನಾವು ‘ಗ್ಲೋ’ ಅನ್ನುತ್ತಿರುವುದು ಈ ಬಿಳಿಚಿಕೊಂಡ ಚರ್ಮಕ್ಕೆ.

ಒಂಬತ್ತನೇ ವಾರ ಎರಡು ದಿನ ಹಚ್ಚುವುದು ತಪ್ಪಿತು. ಎರಡೇ ದಿನ. ಮುಖ ಬೆಂಕಿ. ಬೆವರು ತಾಗಿದರೆ ಉರಿ, ಒಲೆಯ ಮುಂದೆ ನಿಂತರೆ ಉರಿ, ಬರೀ ನೀರು ಹಾಕಿದರೂ ಉರಿ. ಬಾಯಿ ಸುತ್ತ ಸಾಸಿವೆ ಕಾಳಿನಂಥ ಕೆಂಪು ಗುಳ್ಳೆಗಳು. ತುಟಿಗೆ ಅಂಟಿದ ಸಣ್ಣ ಪಟ್ಟಿಯೊಂದು ಮಾತ್ರ ಗೆರೆ ಎಳೆದಂತೆ ಚೊಕ್ಕವಾಗಿ ಉಳಿದಿತ್ತು. ತುಟಿಯ ಅಂಚಿನ ಆ ಖಾಲಿ ಗೆರೆಯನ್ನು ನೆನಪಿಟ್ಟುಕೊಳ್ಳಿ. ಸಾಮಾನ್ಯ ಮೊಡವೆ ಹಾಗೆ ಗೆರೆ ಬಿಟ್ಟು ಏಳುವುದಿಲ್ಲ, ಸ್ಟೀರಾಯ್ಡ್ ಹಚ್ಚಿದ ಮುಖದಲ್ಲಿ ಏಳುವ ಗುಳ್ಳೆಗಳ ಗುರುತು ಅದು.

ಫೋಟೋ ಸಮೇತ ಮೆಸೇಜ್ ಹೋಯಿತು. ಉತ್ತರಗಳನ್ನು ಇದ್ದ ಹಾಗೇ ಹಾಕುತ್ತೇನೆ.

“ಅಕ್ಕಾ ಟೆನ್ಷನ್ ಬೇಡ, ಒಳಗಿನ ವಿಷ ಎಲ್ಲಾ ಹೊರಗೆ ಬರ್ತಾ ಇದೆ. ಒಳ್ಳೇ ಲಕ್ಷಣ.”

“ನಿಲ್ಲಿಸಿದ್ದಕ್ಕೇ ಹೀಗಾಗಿರೋದು. ಮತ್ತೆ ಶುರು ಮಾಡಿ, ಎರಡು ಹೊತ್ತೂ ದಪ್ಪಗೆ ಹಚ್ಚಿ.”

ಹಚ್ಚಿದೆ. ಹೌದು, ನಾಚಿಕೆಯಾಗುತ್ತದೆ ಹೇಳಲು, ಹಚ್ಚಿದೆ. ಮರುದಿನ ಬೆಳಿಗ್ಗೆ ಉರಿ ಮಾಯ. ಆಗ ತಲೆಗೆ ಹೋಯಿತು. ಬಿಟ್ಟರೆ ಏಳುತ್ತದೆ, ಹಚ್ಚಿದರೆ ಅಡಗುತ್ತದೆ, ಅಂದರೆ ಚರ್ಮ ಚಟಕ್ಕೆ ಬಿದ್ದಿದೆ. ‘ವಿಷ ಹೊರಗೆ ಬರ್ತಿದೆ’ ಅನ್ನುವ ಮಾತಿಗೆ ತಲೆಬುಡ ಇಲ್ಲ. ಬಿಗಿಯಾಗಿದ್ದ ರಕ್ತನಾಳಗಳು ಔಷಧ ನಿಂತ ಕೂಡಲೇ ಒಮ್ಮೆಲೇ ಹಿಗ್ಗುತ್ತವೆ, ಅದುಮಿಟ್ಟಿದ್ದ ಉರಿಯೂತ ಬಡ್ಡಿ ಸಮೇತ ವಾಪಸ್ ಬರುತ್ತದೆ. ಹೊರಗೆ ಬರುವ ವಿಷ ಯಾವುದೂ ಇಲ್ಲ. ಒಳಗೆ ಹೋಗುತ್ತಿದ್ದುದು ಮಾತ್ರ ಇತ್ತು.

ಇದರಲ್ಲಿ ಸ್ಟೀರಾಯ್ಡ್ ಇದೆಯಾ ಎಂದು ನೇರವಾಗಿ ಕೇಳಿದ ಮೇಲೆ ‘ಅಕ್ಕಾ’ ಹೋಗಿ ‘ಮೇಡಂ’ ಬಂತು. “ಮೇಡಂ ನಿಮ್ಮದು ಸೆನ್ಸಿಟಿವ್ ಸ್ಕಿನ್. ಬೇರೆ ಯಾರಿಗೂ ಏನೂ ಆಗಿಲ್ಲ.” ಸ್ಟೀರಾಯ್ಡ್ ಇಲ್ಲ ಅಂತ ಬರೆದುಕೊಡಿ ಅಂದಿದ್ದಕ್ಕೆ, “ಯೂಸ್ ಮಾಡಿ ಖಾಲಿ ಮಾಡಿ ಈಗ ರಿಟರ್ನ್ ಕೇಳ್ತಿದ್ದೀರಾ?” ರಿಟರ್ನ್ ಕೇಳಿದವರು ಯಾರು! ಅದಾದ ಮೇಲೆ ಬ್ಲಾಕ್.

ಚರ್ಮದ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ “ಯಾವ ಕ್ರೀಮು, ಎಷ್ಟು ದಿನದಿಂದ?” ಅಷ್ಟು ಮಾಮೂಲು ಇದು.

ಸ್ಟೀರಾಯ್ಡ್ ಕ್ರೀಮೇ ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ. ಎಕ್ಸಿಮಾಗೆ (ಇಸಬಿಗೆ) ಡಾಕ್ಟರು ಬರೆದುಕೊಟ್ಟಿದ್ದರೆ ಈ ಬರಹ ಓದಿ ನಿಲ್ಲಿಸಬೇಡಿ. ಯಾವ ಬಲದ್ದು, ಎಲ್ಲಿಗೆ, ಎಷ್ಟು ದಿನ, ಎಷ್ಟು ಪ್ರಮಾಣ, ಇವು ನಾಲ್ಕೂ ಲೆಕ್ಕದಲ್ಲಿದ್ದರೆ ಅದು ಔಷಧ. ಟ್ಯೂಬಿನಿಂದ ತೋರುಬೆರಳಿನ ತುದಿಯ ಗೆಣ್ಣಿನವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅದು ದೊಡ್ಡವರ ಎರಡು ಅಂಗೈ (ಬೆರಳುಗಳೂ ಸೇರಿ) ಅಗಲಕ್ಕೆ ಸಾಕು. ಅತಿ ಬಲದ ಸ್ಟೀರಾಯ್ಡ್ ಆದ ಕ್ಲೋಬೆಟಾಸಾಲ್ ಶೇ. 0.05 ಕ್ರೀಮಿಗೆ ಒಟ್ಟೊಟ್ಟಿಗೆ ಎರಡು ವಾರ, ವಾರಕ್ಕೆ 50 ಗ್ರಾಂ ಮಿತಿ, ಮುಖಕ್ಕಂತೂ ಹಚ್ಚುವ ಹಾಗೇ ಇಲ್ಲ. ಮುಖ ಯಾಕೆ ಬೇರೆ ಅಂದರೆ, ಅಲ್ಲಿಯ ಚರ್ಮ ಹೀರುವುದು ಹೆಚ್ಚು. ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಇಟ್ಟುಕೊಂಡು ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಸಂಶೋಧಕರು 1967ರಲ್ಲೇ ಅಳೆದಿದ್ದರು: ಮುಂಗೈ ಒಳಭಾಗ 1 ಪಾಲು ಹೀರಿದರೆ ಹಣೆ 6 ಪಾಲು, ದವಡೆ 13 ಪಾಲು. ಕೈ ಮೇಲೆ ಟೆಸ್ಟ್ ಮಾಡಿ ಮುಖಕ್ಕೆ ಬಳಿಯುವವರು ಈ ಲೆಕ್ಕವನ್ನು ಒಮ್ಮೆ ನೋಡಿ.

ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗುತ್ತದೆ, ಕೆನ್ನೆಯಲ್ಲಿ ದಾರದೆಳೆಯಂಥ ಕೆಂಪು ನಾಳಗಳು ಕಾಣತೊಡಗುತ್ತವೆ, ಬೇಡದ ಕಡೆ ಕೂದಲು ಬರುತ್ತದೆ. ಕಣ್ಣಿನ ಹತ್ತಿರ ಹಚ್ಚುತ್ತಾ ಹೋದರೆ ಕಣ್ಣಿನ ಒತ್ತಡ ಏರಬಹುದು. ತೊಡೆಸಂದಿನ ಹುಳುಕಡ್ಡಿಗೆ ಇಂಥದ್ದನ್ನೇ ಹಚ್ಚುವವರಿದ್ದಾರೆ. ಅದು ಶಿಲೀಂಧ್ರ. ಸ್ಟೀರಾಯ್ಡ್ ತುರಿಕೆಯನ್ನು ಅಡಗಿಸುತ್ತದೆ, ಶಿಲೀಂಧ್ರ ಆರಾಮವಾಗಿ ಹರಡುತ್ತದೆ. ಅಂಚಿನ ಉಂಗುರವೂ ಅಳಿಸಿಹೋಗುವುದರಿಂದ ಮುಂದೆ ನೋಡಿದ ಡಾಕ್ಟರಿಗೂ ಗುರುತು ಸಿಗುವುದು ಕಷ್ಟ.

ಇಂಥ ಡಬ್ಬಿಗಳಲ್ಲಿ ಬೀಳುವ ಇನ್ನೆರಡು ವಸ್ತು ಇವೆ. ಒಂದು ಹೈಡ್ರೋಕ್ವಿನೋನ್. ಕಲೆ ತಿಳಿಯಾಗಿಸಲು ಡಾಕ್ಟರ ಕಣ್ಗಾವಲಲ್ಲಿ ಕೆಲವು ತಿಂಗಳು ಬಳಸುವ ಔಷಧ ಅದು, ಲೆಕ್ಕವಿಲ್ಲದೆ ವರ್ಷಗಟ್ಟಲೆ ಬಳಿದರೆ ಕಲೆ ಹೋಗುವ ಬದಲು ನೀಲಿಗಪ್ಪು ಬಣ್ಣ ಕೂರುತ್ತದೆ, ಅದನ್ನು ತೆಗೆಯುವುದು ಬಹಳ ಕಷ್ಟ. ಗಾಳಿ, ಬೆಳಕು ತಾಗಿದರೆ ಅದು ಕಂದಾಗುತ್ತದೆ. ಬಿಳಿ ಕ್ರೀಮು ದಿನ ಕಳೆದಂತೆ ಕಂದು ಬಣ್ಣಕ್ಕೆ ತಿರುಗಿದರೆ ಅನುಮಾನ ಪಡಿ. ಇನ್ನೊಂದು ಪಾದರಸ, ಇದು ಇನ್ನೂ ಘೋರ. ಮೂತ್ರಪಿಂಡಕ್ಕೆ ಹೊಡೆತ, ಟವೆಲ್, ದಿಂಬಿನ ಮೂಲಕ ಮನೆಯ ಮಕ್ಕಳಿಗೂ ತಾಗುತ್ತದೆ. ಪಾದರಸದ ಬಳಕೆ ತಗ್ಗಿಸಲು ದೇಶಗಳು ಮಾಡಿಕೊಂಡ 2013ರ ಮಿನಮಾಟ ಒಪ್ಪಂದದ ಪ್ರಕಾರ ದಶಲಕ್ಷಕ್ಕೆ 1 ಭಾಗಕ್ಕಿಂತ ಹೆಚ್ಚು ಪಾದರಸವಿರುವ ಸೌಂದರ್ಯವರ್ಧಕಗಳನ್ನು 2020ಕ್ಕೆ ನಿಲ್ಲಿಸಬೇಕಿತ್ತು. ಆದರೂ ಸಿಗುತ್ತಿವೆ. ಲೇಬಲ್ ಮೇಲೆ ‘ಕ್ಯಾಲೊಮೆಲ್’, ‘ಮರ್ಕ್ಯುರಿಕ್’, ‘ಮರ್ಕ್ಯುರಸ್’ ಅಂತಿದ್ದರೆ ಅದೇ. ‘ಚಿನ್ನ, ಬೆಳ್ಳಿ, ಅಲ್ಯೂಮಿನಿಯಂಗೆ ತಾಗಿಸಬೇಡಿ’ ಅಂತಿದ್ದರೂ ಅದೇ. ಒಡವೆಗೆ ತಾಗಬಾರದ್ದು ಕೆನ್ನೆಗೆ ಆಗುತ್ತದಾ?

ಮನೆಯಲ್ಲೇ ನೀರಿಗೆ ಹಾಕಿ, ಬೆಂಕಿಗೆ ಹಿಡಿದು ಸ್ಟೀರಾಯ್ಡ್ ಕಂಡುಹಿಡಿಯುವ ವಿಡಿಯೋಗಳನ್ನು ನಂಬಬೇಡಿ. ಲ್ಯಾಬಿನಲ್ಲಲ್ಲದೆ ತಿಳಿಯುವುದಿಲ್ಲ. ಪಾದರಸ ಇರಬಹುದೆಂಬ ಅನುಮಾನ ಇದ್ದರಂತೂ ಬೆಂಕಿಯ ಹತ್ತಿರವೇ ಒಯ್ಯಬೇಡಿ, ಆವಿ ಉಸಿರಿಗೆ ಹೋಗುತ್ತದೆ.

ಈಗಾಗಲೇ ಹಚ್ಚುತ್ತಿರುವವರು, ತಿಂಗಳುಗಳಿಂದ ಹಚ್ಚುತ್ತಿದ್ದರೆ ಅಥವಾ ಮೈಗೆಲ್ಲ ಬಳಿಯುತ್ತಿದ್ದರೆ, ತಾವೇ ದಿಢೀರ್ ನಿಲ್ಲಿಸುವ ಮೊದಲು ಡಾಕ್ಟರನ್ನು ಕೇಳಿ. ಕೆಲವರಿಗೆ ಕಡಿಮೆ ಬಲದ್ದಕ್ಕೆ ಇಳಿಸಿ ಬಿಡಿಸುತ್ತಾರೆ. ಮುಖ ಉರಿಯುತ್ತಿರುವಾಗ ಸ್ಕ್ರಬ್, ವಿಟಮಿನ್ ಸಿ, ಆಸಿಡ್ ಸೀರಮ್, ನಿಂಬೆರಸ, ಅಡುಗೆ ಸೋಡಾ ಏನೂ ಬೇಡ. ಆರೋಗ್ಯವಂತ ಚರ್ಮದ ಪಿಎಚ್ (ಹುಳಿ-ಕ್ಷಾರದ ಅಳತೆ) 5ರ ಆಸುಪಾಸು. ನಿಂಬೆಯದು 2ರಷ್ಟು, ಮಾಮೂಲಿ ಸೋಪಿನದು 9ರಿಂದ 10. ಎರಡೂ ಸುಡುವ ಚರ್ಮದ ಮೇಲೆ ಮತ್ತೆ ಬರೆ. ಉಗುರುಬೆಚ್ಚಗಿನ ನೀರು, ಒತ್ತಿ ಒರೆಸುವುದು, ಒದ್ದೆ ಪೂರ್ತಿ ಆರುವ ಮೊದಲು ಸುವಾಸನೆ ಇಲ್ಲದ ಮಾಯಿಶ್ಚರೈಸರ್, ಹಗಲು ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್, ಅಷ್ಟು ಸಾಕು. ಸನ್‌ಸ್ಕ್ರೀನ್ ಪ್ರಮಾಣ ಮುಖ, ಕುತ್ತಿಗೆಗೆ ಸೇರಿ ಎರಡು ಬೆರಳುದ್ದ. ಬಟಾಣಿ ಗಾತ್ರ ಹಚ್ಚಿ ಎಸ್‌ಪಿಎಫ್ (ಬಿಸಿಲು ತಡೆಯುವ ಬಲದ ಅಳತೆ) 50 ಅಂದುಕೊಂಡರೆ ಅಷ್ಟು ರಕ್ಷಣೆ ಸಿಗುವುದಿಲ್ಲ. ಬಾಯಿ ಸುತ್ತ ಗುಳ್ಳೆ ಇದ್ದರೆ ಅಲ್ಲಿಗೆ ಕ್ರೀಮೇ ಬೇಡ ಅನ್ನುವ ಡಾಕ್ಟರೂ ಇದ್ದಾರೆ, ಅವರು ಹೇಳಿದಂತೆ ಮಾಡಿ. ಕೀವು ಬಂದರೆ, ಜ್ವರ ಬಂದರೆ ಕಾಯಬೇಡಿ.

ಉರಿ ವಾರಗಟ್ಟಲೆ ಇರುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ. ಇಳಿಯುತ್ತದೆ, ಮತ್ತೆ ಏಳುತ್ತದೆ. ಬಣ್ಣ ಮೊದಲಿಗಿಂತ ಕಪ್ಪಾದಂತೆಯೂ ಕಾಣುತ್ತದೆ. ಅಂಥ ರಾತ್ರಿ ಡಬ್ಬಿ ಮನೆಯಲ್ಲಿದ್ದರೆ ಕೈ ತಾನಾಗಿ ಅದರ ಕಡೆ ಹೋಗುತ್ತದೆ, ‘ಇವತ್ತೊಂದು ದಿನ, ಸ್ವಲ್ಪವೇ’ ಅಂತ. ಕಸದ ಬುಟ್ಟಿಗೂ ಹಾಕಬೇಡಿ, ಅಲ್ಲಿಂದಲೂ ಎತ್ತಿಕೊಳ್ಳುತ್ತೀರಿ. ಮುಚ್ಚಳ ಬಿಗಿ ಮಾಡಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಡಬ್ಬಿಯನ್ನು ಡಾಕ್ಟರ ಮೇಜಿನ ಮೇಲೇ ಬಿಟ್ಟು ಬನ್ನಿ.