ಪಾಡುಪಟ್ಟ ಸ್ವರೂಪ ಕೊಳ್ಳುವಾಗ ಮೊದಲು ಪಕ್ಕೆ ನೋಡಿ: ಬೆಂಗಳೂರಿನ ಅಂಗಡಿಗಳಲ್ಲಿ ಸಿಗುವ ಶಿಲುಬೆಗಳ ವಿಮರ್ಶೆ

ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ ಸುತ್ತಮುತ್ತ, ವಿವೇಕನಗರದ ಬಾಲಯೇಸು ದೇವಾಲಯದ ಆಸುಪಾಸು ಜಪಸರ, ಮೇಣದಬತ್ತಿ ಮಾರುವ ಕಡೆಯೆಲ್ಲ ಪಾಡುಪಟ್ಟ ಸ್ವರೂಪ, ಅಂದರೆ ಯೇಸುಸ್ವಾಮಿಯ ದೇಹವಿರುವ ಶಿಲುಬೆ ಸಿಗುತ್ತದೆ. ಆಯ್ಕೆ ಬೇಕಾದಷ್ಟಿದೆ, ಆಯುವುದೇ ಕಷ್ಟ. ನಮ್ಮ ಶಿಫಾರಸನ್ನು ಮೊದಲೇ ಹೇಳಿಬಿಡುತ್ತೇವೆ: ತೇಗದಂಥ ಗಟ್ಟಿ ಮರ, ಅದಕ್ಕೆ ಹಿಂದಿನಿಂದ ಸ್ಕ್ರೂ ಹಾಕಿ ಕೂರಿಸಿದ ಲೋಹದ ದೇಹ, ಪಕ್ಕೆಯಲ್ಲಿ ಎದ್ದು ಕಾಣುವ ಗಾಯ. ಹೊಳಪು, ಚಿನ್ನದ ಬಣ್ಣ, ಎಲ್‌ಇಡಿ ದೀಪ ಎಲ್ಲ ಆಮೇಲಿನ ಮಾತು.

ಪಕ್ಕೆಯ ಗಾಯಕ್ಕೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಬೈಬಲಿನ ಯೊವಾನ್ನರ ಶುಭಸಂದೇಶದ 19ನೇ ಅಧ್ಯಾಯದಲ್ಲಿದೆ. ಸಾವು ಬೇಗ ಬರಲೆಂದು ಅಕ್ಕಪಕ್ಕದ ಶಿಲುಬೆಗಳಲ್ಲಿದ್ದ ಇಬ್ಬರ ಕಾಲು ಮುರಿದ ಸೈನಿಕರು ಯೇಸುಸ್ವಾಮಿಯ ಬಳಿ ಬಂದಾಗ ಅವರು ಆಗಲೇ ಪ್ರಾಣ ಬಿಟ್ಟಿದ್ದರು. ಒಬ್ಬ ಸೈನಿಕ ಈಟಿಯಿಂದ ಪಕ್ಕೆ ತಿವಿದ. ಕೂಡಲೇ ರಕ್ತವೂ ನೀರೂ ಹರಿದು ಬಂತು. ಆ ನೀರಿನಲ್ಲಿ ಜ್ಞಾನಸ್ನಾನವನ್ನೂ (ಕ್ರೈಸ್ತ ದೀಕ್ಷೆ) ಆ ರಕ್ತದಲ್ಲಿ ಬಲಿಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದವನ್ನೂ ಧರ್ಮಸಭೆ ಆದಿಯಿಂದ ಕಂಡಿದೆ. ಭಾನುವಾರದ ಬಲಿಪೂಜೆಗೆ ಹೋಗುವವರಿಗೆ ತಾವು ಅಲ್ಲಿ ಪಡೆಯುವುದು ಎಲ್ಲಿಂದ ಬಂತೆಂದು ತೋರಿಸುವ ಜಾಗ ಇದೇ. ಗಾಯವಿಲ್ಲದ ನುಣ್ಣನೆಯ ದೇಹ ಎಷ್ಟೇ ಚಂದವಿರಲಿ, ಹೇಳಬೇಕಾದ್ದರಲ್ಲಿ ಅರ್ಧ ಬಿಟ್ಟುಬಿಡುತ್ತದೆ.

ಅಗ್ಗದ ಎರಕದಲ್ಲಿ ಗಾಯವೆಂದರೆ ಬರೀ ಒಂದು ಕೆಂಪು ಚುಕ್ಕೆ. ನಾಲ್ಕು ಸಲ ಬಟ್ಟೆಯಲ್ಲಿ ಒರೆಸಿದರೆ ಅದೂ ಹೋಗುತ್ತದೆ. ಹೆಬ್ಬೆರಳಿನ ಉಗುರನ್ನು ಪಕ್ಕೆಲುಬಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಅಚ್ಚಿನಲ್ಲೇ ಸೀಳು ಇದ್ದರೆ ಉಗುರು ತಡೆಯುತ್ತದೆ. ಗಾಯ ಸಾಮಾನ್ಯವಾಗಿ ಯೇಸುವಿನ ಬಲಗಡೆ, ಅಂದರೆ ನೋಡುವ ನಮಗೆ ಎಡಗಡೆ ಇರುತ್ತದೆ. ಯಾವ ಪಕ್ಕೆಯೆಂದು ಶುಭಸಂದೇಶ ಹೇಳುವುದಿಲ್ಲ. ಬೈಬಲಿನಲ್ಲಿ ಪ್ರವಾದಿ ಎಜೆಕಿಯೇಲನ ಗ್ರಂಥದ 47ನೇ ಅಧ್ಯಾಯದಲ್ಲಿ ದೇವಾಲಯದ ಬಲಬದಿಯಿಂದ ಹರಿದ ನೀರಿನ ಜೊತೆ ಇದನ್ನು ಕೂಡಿಸಿ ಓದುವುದುಂಟು. ಆದರೂ ಶುಭಸಂದೇಶ ಪಕ್ಕೆಯನ್ನು ಹೆಸರಿಸದ ಕಾರಣ ಯೇಸುವಿನ ಎಡಗಡೆ ಇದ್ದರೂ ತಪ್ಪೇನಿಲ್ಲ, ಗಾಯ ಇರಬೇಕು ಅಷ್ಟೇ.

ಆಮೇಲೆ ಮುಖ. ಈಟಿ ತಿವಿದದ್ದು ಪ್ರಾಣ ಹೋದ ಮೇಲೆ. ಆದ್ದರಿಂದ ಪಕ್ಕೆಯಲ್ಲಿ ಗಾಯವೂ ಇದ್ದು, ಮುಖ ಮಾತ್ರ ಇನ್ನೂ ನೋವಿನಿಂದ ಮೇಲೆ ನೋಡುತ್ತಿದ್ದರೆ ಶಿಲ್ಪಿ ಎರಡು ಗಳಿಗೆಗಳನ್ನು ಬೆರೆಸಿದ್ದಾನೆ ಎಂದರ್ಥ. ಮುಚ್ಚಿದ ಕಣ್ಣು, ಬಾಗಿದ ತಲೆಯೇ ಸರಿಹೊಂದುತ್ತದೆ. 'ತಲೆಬಾಗಿಸಿ ಪ್ರಾಣ ಬಿಟ್ಟರು' ಎಂದೇ ಯೊವಾನ್ನರು ಬರೆದಿರುವುದು. ಇಟಲಿಯ ಅಸ್ಸಿಸಿಯ ಸಾನ್ ದಮಿಯಾನೊ ಶಿಲುಬೆಯ ಪ್ರತಿಗಳು ಇದಕ್ಕೆ ಹೊರತು. ಮರದ ಮೇಲೆ ಚಿತ್ರ ಅಂಟಿಸಿದ ಅವುಗಳಲ್ಲಿ ಗಾಯವೂ ಇದೆ, ಅಗಲವಾಗಿ ತೆರೆದ ಕಣ್ಣೂ ಇದೆ. ಅಲ್ಲಿ ತೋರಿಸಿರುವುದು ನರಳಾಟವನ್ನಲ್ಲ, ಸಾವನ್ನು ಗೆದ್ದವರನ್ನು. ಅದೂ ಒಳ್ಳೆಯ ಆಯ್ಕೆಯೇ.

ರೆಸಿನ್ ಶಿಲುಬೆಗಳಲ್ಲಿ ಎರಡು ದುರ್ಬಲ ಜಾಗ: ಭುಜ, ಕಣಕಾಲು. ಎಷ್ಟೋ ಅಚ್ಚುಗಳಲ್ಲಿ ತೋಳನ್ನು ಬೇರೆ ಎರಕ ಹೊಯ್ದು ಭುಜಕ್ಕೆ ಅಂಟಿಸಿರುತ್ತಾರೆ. ಬೆಳಕಿಗೆ ಹಿಡಿದು ತಿರುಗಿಸಿದರೆ ಕೂದಲೆಳೆಯಂಥ ಗೆರೆ ಕಾಣುತ್ತದೆ. ಕಣಕಾಲು ಸಾಗಾಟದಲ್ಲಿ ಮುರಿದು, ಅಂಟು ಹಾಕಿ ಬಣ್ಣ ಬಳಿದು ಮತ್ತೆ ಮಾರಾಟಕ್ಕೆ ಬಂದಿರಬಹುದು. ಅದನ್ನು ತಪ್ಪದೆ ಪರೀಕ್ಷಿಸಿ. ಯೆಹೂದ್ಯರ ಪಾಸ್ಕ ಹಬ್ಬದ ಕುರಿಮರಿಯ ಮೂಳೆ ಮುರಿಯಕೂಡದೆಂದು ಬೈಬಲಿನ ವಿಮೋಚನಕಾಂಡ 12:46 ಹೇಳುತ್ತದೆ. ಯೇಸುವಿನ ಕಾಲು ಮುರಿಯದೆ ಉಳಿದದ್ದನ್ನು ಯೊವಾನ್ನರು ಆ ಮಾತಿಗೇ ಜೋಡಿಸುತ್ತಾರೆ. ಲೋಕದ ಪಾಪ ಹೊತ್ತ ಕುರಿಮರಿ ಇವರೇ ಎಂಬ ನಂಬಿಕೆ ಆ ಕಾಲುಗಳಲ್ಲಿದೆ.

ಮೊಳೆ ಮೂರಾದರೂ ಸರಿ, ನಾಲ್ಕಾದರೂ ಸರಿ. ಹಳೆಯ ಶೈಲಿಯಲ್ಲಿ ಎರಡು ಪಾದಕ್ಕೂ ಬೇರೆ ಬೇರೆ ಮೊಳೆ. ಒಂದರ ಮೇಲೊಂದು ಪಾದವಿಟ್ಟು ಒಂದೇ ಮೊಳೆ ಹೊಡೆಯುವುದು ಯುರೋಪಿನಲ್ಲಿ ಸುಮಾರು 13ನೇ ಶತಮಾನದಿಂದ ಹಬ್ಬಿದ ರೂಢಿ. ಕೆಳಗೆ ತಲೆಬುರುಡೆ ಇದ್ದರೆ ಗಾಬರಿಯಾಗಬೇಡಿ, ಅದು ಗೊಲ್ಗೊಥಾ, ಕಪಾಲಸ್ಥಳ. ಆದಾಮನನ್ನು ಹೂಳಿದ್ದು ಅಲ್ಲೇ ಎಂಬುದು ಹಳೆಯ ಪರಂಪರೆಯ ಮಾತು.

ಸಂತ ಬೆನೆಡಿಕ್ಟರ ಪದಕ ಕೂರಿಸಿದ ಶಿಲುಬೆಗೆ ಈಗ ತುಂಬ ಬೇಡಿಕೆ. ಅಕ್ಷರ ಪರೀಕ್ಷಿಸಿ: ಪದಕದ ಹಿಂಬದಿಯ ಶಿಲುಬೆಯಲ್ಲಿ ಮೇಲಿಂದ ಕೆಳಕ್ಕೆ ಸಿ, ಎಸ್, ಎಸ್, ಎಂ, ಎಲ್; ಅಡ್ಡಕ್ಕೆ ಎನ್, ಡಿ, ಎಸ್, ಎಂ, ಡಿ; ನಡುವಿನ ಎಸ್ ಎರಡಕ್ಕೂ ಒಂದೇ. ಪವಿತ್ರ ಶಿಲುಬೆಯೇ ನನಗೆ ಬೆಳಕಾಗಲಿ, ಘಟಸರ್ಪ ನನಗೆ ದಾರಿ ತೋರದಿರಲಿ ಎಂಬ ಲತೀನ್ ಪ್ರಾರ್ಥನೆಯ ಮೊದಲಕ್ಷರಗಳಿವು. ಇದನ್ನು ದೃಷ್ಟಿ ತೆಗೆಯುವ ತಾಯಿತದಂತೆ ಮಾರುವುದು ನಮಗೆ ಒಪ್ಪಿಗೆಯಿಲ್ಲ. 'ನನ್ನ ಪ್ರಾಣವನ್ನು ಯಾರೂ ನನ್ನಿಂದ ತೆಗೆಯರು, ನಾನಾಗಿಯೇ ಕೊಡುತ್ತೇನೆ' ಎಂದ ಯೇಸುವಿನ ರೂಪ ಅದು. ಮನೆಯವರು ಅದರ ಮುಂದೆ ನಿಂತು ಪ್ರಾರ್ಥಿಸಲಿಕ್ಕೆ ಇರುವುದು.

ಸಿಎಸ್ಐ (ದಕ್ಷಿಣ ಭಾರತ ಸಭೆ) ಮೊದಲಾದ ಪ್ರಾಟೆಸ್ಟಂಟ್ ಸಭೆಗಳವರು ಪುನರುತ್ಥಾನ ನೆನೆದು ಖಾಲಿ ಶಿಲುಬೆ ಇಡುತ್ತಾರೆ. ಕಥೋಲಿಕರಲ್ಲಿ ಬಲಿಪೂಜೆ ನಡೆಯುವಾಗ ಪೀಠದ ಮೇಲೆ ಅಥವಾ ಹತ್ತಿರ ದೇಹವಿರುವ ಶಿಲುಬೆಯೇ ಇರಬೇಕೆಂಬ ನಿಯಮವಿದೆ. ಉಡುಗೊರೆ ಕೊಡುವ ಮುಂಚೆ ಆ ಮನೆಯವರು ಯಾವ ಸಭೆಯವರೆಂದು ಕೇಳಿಕೊಳ್ಳಿ.

ಇನ್ನು ಬಾಳಿಕೆ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಮೇಲೆ ಮರದ ಸ್ಟಿಕ್ಕರ್ ಅಂಟಿಸಿದ ಶಿಲುಬೆ ಮಳೆಗಾಲದಲ್ಲಿ ಒಸರುವ ಗೋಡೆಯ ಮೇಲಿದ್ದರೆ ಕೆಳತುದಿಯಿಂದ ಉಬ್ಬುತ್ತದೆ. ಅಂಟಿನಿಂದ ಮಾತ್ರ ನಿಂತ ದೇಹ ಮರ ಹಿಗ್ಗಿ ಕುಗ್ಗಿದಂತೆ ಸಡಿಲವಾಗಿ, ಮೊದಲು ಪಾದ ಮೇಲೇಳುತ್ತದೆ. ಪ್ಲಾಸ್ಟರಿನದಕ್ಕೆ ಒದ್ದೆ ಬಟ್ಟೆ ತಾಗಿಸಲೇಬೇಡಿ, ಒಣ ಬ್ರಷ್ ಸಾಕು. ಚಿನ್ನದ ಲೇಪ ಮುಟ್ಟಿ ಮುತ್ತಿಡುವ ಪಾದದಲ್ಲೇ ಮೊದಲು ಸವೆಯುತ್ತದೆ. ಹಿತ್ತಾಳೆಯದನ್ನು ಹುಣಸೆಹಣ್ಣಿನಿಂದ ತಿಕ್ಕಬಹುದು, ಆದರೆ ಮರದಿಂದ ಬಿಚ್ಚಿಕೊಂಡು. ಇಲ್ಲದಿದ್ದರೆ ಹುಳಿ ಮರದಲ್ಲಿ ಕಲೆ ಮಾಡುತ್ತದೆ, ಬೆರಳ ಸಂದಿಯಲ್ಲಿ ಹಸಿರುಗಟ್ಟುತ್ತದೆ.

ಗೋಡೆಗೆ 8ರಿಂದ 10 ಇಂಚು, ಕೈಯಲ್ಲಿ ಹಿಡಿಯಲು 5-6 ಇಂಚು ಸಾಕು. ಕಾಯಿಲೆಯವರ ಕೈಗೆ ಕೊಡುವುದಾದರೆ ಮುಳ್ಳಿನ ಕಿರೀಟದ ತುದಿ ಚುಚ್ಚದಂತಿರಲಿ. ಒಂದಡಿಗಿಂತ ದೊಡ್ಡದಾದರೆ ಬರೀ ಮೊಳೆಗೆ ನೇತುಹಾಕದೆ ಪ್ಲಗ್ ಇಟ್ಟು ಸ್ಕ್ರೂ ಹಾಕಿಸಿ. ಹೂವಿನ ಹಾರವನ್ನು ತೋಳಿಗೆ ಹಾಕುವುದೇ ನಮ್ಮ ಮನೆಗಳ ಅಭ್ಯಾಸ, ಶಿಲುಬೆ ಹಾಳಾಗುವುದೂ ಅದರಿಂದಲೇ. ತೊಯ್ದ ಹಾರದ ಭಾರ ಅಂಗೈಯ ಎರಡು ಪಿನ್ನುಗಳ ಮೇಲೆ ಬೀಳುತ್ತದೆ. ಮೇಲೆ ಪ್ರತ್ಯೇಕವಾಗಿ ಒಂದು ಮೊಳೆ ಹೊಡೆದು ಹಾರ ಅದಕ್ಕೆ ಹಾಕಿ. ಮೇಣದಬತ್ತಿಯೂ ನೇರ ಕೆಳಗಿರಬಾರದು.

'ಮಂತ್ರಿಸಿದ್ದು' ಎಂದು ಯಾರಾದರೂ ಹೆಚ್ಚು ಕಾಸು ಕೇಳಿದರೆ ಬೇಡವೆನ್ನಿ. ಆಶೀರ್ವಾದಕ್ಕೆ ಬೆಲೆ ಕಟ್ಟುವಂತಿಲ್ಲ. ಕೊಂಡ ಮೇಲೆ ನಿಮ್ಮ ಧರ್ಮಕೇಂದ್ರದ ಗುರುಗಳ ಬಳಿ ಒಯ್ದರೆ ಪ್ರಾರ್ಥಿಸಿ ತೀರ್ಥ ಚಿಮುಕಿಸಿ ಕೊಡುತ್ತಾರೆ. ಸೆಪ್ಟೆಂಬರ್ 8ರ ಮರಿಯಮ್ಮನವರ ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಶಿವಾಜಿನಗರದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಉಗುರೆಳೆದು ನೋಡುವಷ್ಟು ಪುರುಸೊತ್ತೂ ಸಿಗುವುದಿಲ್ಲ. ಶುಭ ಶುಕ್ರವಾರಕ್ಕೆ ಬೇಕಾದರೆ ಅದಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದ ಮೊದಲ ವಾರಗಳಲ್ಲೇ ಹೋಗಿ. ಹಳೆಯದು ರಿಪೇರಿಯಾಗದಷ್ಟು ಮುರಿದಿದ್ದರೆ ಕಸಕ್ಕೆ ಹಾಕದೆ, ಮರವನ್ನು ಸುಟ್ಟು ಬೂದಿ ಹೂಳಿ. ಲೋಹವನ್ನೂ ಪ್ಲಾಸ್ಟರನ್ನೂ ಯಾರೂ ತುಳಿಯದ ಕಡೆ ಮಣ್ಣು ಮಾಡಿ.